ಈಗಿನ ಯೆಜ್ಡಿ ನಮ್ಮ ಮೈಸೂರಿನ ಯೆಜ್ಡಿನೇನಾ?

ಹಾಸನದ ಹೊಸಬ:
ಮೊನ್ನೆ ಶೋರೂಮಿಗೆ ಹೋಗಿ ಯೆಜ್ಡಿ ಬೈಕ್ ನೋಡಿಕೊಂಡು ಬಂದೆ. ಅಪ್ಪ "ಅದು ಮೈಸೂರು ಗಾಡಿ ಕಣೋ, ತಗೋ" ಅಂತಾರೆ. ಶೋರೂಮಿನವರು ಮಧ್ಯಪ್ರದೇಶದಲ್ಲಿ ತಯಾರಾಗುತ್ತದೆ ಎಂದರು. ಸ್ನೇಹಿತರಲ್ಲಿ ಒಬ್ಬ ಮಹೀಂದ್ರಾದ್ದು ಅಂತಾನೆ, ಇನ್ನೊಬ್ಬ ವಿದೇಶಿ ಜಾವಾದವರದ್ದು ಅಂತಾನೆ. ಕೋರ್ಟ್ ಕೇಸೂ ಇದೆಯಂತೆ. ನಿಜವಾಗಿ ಇದು ಯಾರದ್ದು?

ಯಾದವಗಿರಿ ರೋಡ್‌ಕಿಂಗ್:
ನಾನು ಈಗಲೂ ಯೆಜ್ಡಿಯ ಹಳೆಯ ಮಾಡೆಲ್ ರೋಡ್‌ಕಿಂಗ್ ಓಡಿಸುತ್ತೇನೆ. ಸ್ವಲ್ಪ ಉದ್ದ ಆಗುತ್ತೆ, ಓದಿ.

ಜಾವಾ ಮೂಲತಃ ಚೆಕ್ ದೇಶದ್ದು. ಯಾನೆಚೆಕ್ ಎಂಬಾತ 1929ರಲ್ಲಿ ಜರ್ಮನಿಯ ವಾಂಡರರ್ ಬೈಕಿನ ವಿನ್ಯಾಸ ಕೊಂಡು ಶುರು ಮಾಡಿದ್ದು. ಎರಡನೇ ಮಹಾಯುದ್ಧ ಮುಗಿದ ಮೇಲೆ ಅದು ಸರ್ಕಾರದ ಪಾಲಾಯಿತು. ಅವರ ಪರವಾನಗಿ ಪಡೆದು ರುಸ್ತುಂ ಇರಾನಿ, ಫರೋಕ್ ಇರಾನಿ ಇಲ್ಲಿ ಐಡಿಯಲ್ ಜಾವಾ ಕಂಪನಿ ಕಟ್ಟಿದರು. 1961ರಿಂದ ಮೈಸೂರಿನ ಯಾದವಗಿರಿಯ ಕಾರ್ಖಾನೆಯಲ್ಲಿ ಗಾಡಿ ತಯಾರಾಗತೊಡಗಿತು. 70ರ ದಶಕದಲ್ಲಿ ಜಾವಾ ಹೆಸರು ಹೋಗಿ ಯೆಜ್ಡಿ ಬಂತು. ಅಂದರೆ ಜಾವಾ ಎರವಲು ಹೆಸರು, ಯೆಜ್ಡಿ ಮೈಸೂರಿನಲ್ಲೇ ಹುಟ್ಟಿದ ಹೆಸರು. ನಿಮ್ಮ ಅಪ್ಪ ಹೇಳಿದ್ದು ಸರಿಯೇ.

ಆ ಹಳೆಯ ಗಾಡಿ 250 ಸಿಸಿ, ಟೂ ಸ್ಟ್ರೋಕ್, ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್. ಕಿಕ್ಕರೂ ಗೇರೂ ಒಂದೇ ಲಿವರ್! ಒಳಕ್ಕೆ ಒತ್ತಿ ಮೇಲೆ ತಿರುಗಿಸಿದರೆ ಕಿಕ್ಕರ್, ಕೆಳಗೆ ಬಿಟ್ಟರೆ ಗೇರು. ಮಲೆನಾಡಿನ ಘಾಟಿಗಳಲ್ಲಿ ಇದನ್ನು ಓಡಿಸಿದವರಿಗೇ ಗೊತ್ತು ಅದರ ಎಳೆತ.

80ರ ದಶಕದ ನಡುವೆ ಜಪಾನೀ ತಂತ್ರಜ್ಞಾನದ 100 ಸಿಸಿ ಗಾಡಿಗಳು ಬಂದವು. ಮೈಲೇಜ್ ಜಾಸ್ತಿ, ರಿಪೇರಿ ಕಡಿಮೆ. ಮೇಲೆ ಹೊಗೆ ನಿಯಮಗಳೂ ಬಿಗಿಯಾದವು. 1996ರಲ್ಲಿ ಕಾರ್ಖಾನೆ ನಿಂತಿತು. ಕಂಪನಿಯ ಆಸ್ತಿ ಹೈಕೋರ್ಟಿನ ಅಧಿಕೃತ ಲಿಕ್ವಿಡೇಟರ್ (ಮುಚ್ಚಿದ ಕಂಪನಿಯ ಆಸ್ತಿ ಮಾರಿ ಬಾಕಿ ತೀರಿಸುವ ಅಧಿಕಾರಿ) ಕೈಗೆ ಹೋಯಿತು.

ಈಗಿನದು ಕ್ಲಾಸಿಕ್ ಲೆಜೆಂಡ್ಸ್ ಎಂಬ ಕಂಪನಿಯ ಗಾಡಿ. ಹೆಚ್ಚಿನ ಪಾಲು ಮಹೀಂದ್ರಾದ್ದು. ಜೊತೆಗೆ ಹೂಡಿಕೆದಾರ ಅನುಪಮ್ ಥರೇಜಾ ಮತ್ತು ರುಸ್ತುಂ ಅವರ ಮಗ ಬೊಮನ್ ಇರಾನಿ ಇದ್ದಾರೆ. ಜಾವಾ 2018ರಲ್ಲಿ ಮತ್ತೆ ಬಂತು, ಅದು ಚೆಕ್‌ನವರ ಪರವಾನಗಿ ಮೇಲೆ. ಯೆಜ್ಡಿ ಬಂದಿದ್ದು 2022ರ ಜನವರಿಯಲ್ಲಿ. ಆ ಹೆಸರನ್ನು ಬೊಮನ್ ತಮ್ಮ ಹೆಸರಿಗೆ ನೋಂದಾಯಿಸಿಕೊಂಡಿದ್ದರು. ಜಗಳ ಎದ್ದಿದ್ದು ಅಲ್ಲೇ. ಅದೇ ವರ್ಷ ಡಿಸೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟಿನ ಏಕಸದಸ್ಯ ಪೀಠ, ಯೆಜ್ಡಿ ಹೆಸರು ಮುಚ್ಚಿದ ಐಡಿಯಲ್ ಜಾವಾಕ್ಕೇ ಸೇರಿದ್ದು ಎಂದಿತು. ಅದರ ಮೇಲೆ ಮೇಲ್ಮನವಿ ಹೋಯಿತು.

ಎರಡು ಸೈಲೆನ್ಸರ್:
ಒಳ್ಳೆ ಮಾಹಿತಿ. ಆದರೂ ಕೇಳ್ತೀನಿ, ಅಷ್ಟು ವರ್ಷ ಯಾರೂ ಮುಟ್ಟದೆ ಬಿದ್ದಿದ್ದ ಹೆಸರು ಅಲ್ವಾ? ದುಡ್ಡು ಹಾಕಿ ಎಬ್ಬಿಸಿದವರಿಗೆ ಅದು ಸಿಗಬಾರದೇಕೆ? ಅದೂ ಸ್ಥಾಪಕರ ಮಗನೇ ಇರುವಾಗ.

ಯಾದವಗಿರಿ ರೋಡ್‌ಕಿಂಗ್:
ಬಿದ್ದಿತ್ತು ಅನ್ನೋದನ್ನೇ ನಾನು ಒಪ್ಪಲ್ಲ. ಕಾರ್ಖಾನೆ ಮುಚ್ಚಿದ ಮೇಲೂ ಪಾರ್ಟ್ಸ್ ಹುಡುಕಿ, ಲೇತ್‌ನಲ್ಲಿ ಮಾಡಿಸಿ ಗಾಡಿ ನಿಲ್ಲದಂತೆ ನೋಡಿಕೊಂಡವರು ಮೆಕ್ಯಾನಿಕ್‌ಗಳು. ಪ್ರತಿ ಜುಲೈ ಎರಡನೇ ಭಾನುವಾರ ಜಾವಾ ಯೆಜ್ಡಿ ದಿನ ಅಂತ ಸೇರುತ್ತಿದ್ದೆವಲ್ಲ, ಆಗ ಹೊಸ ಕಂಪನಿಯ ಸುಳಿವೇ ಇರಲಿಲ್ಲ. ಹೆಸರಿಗೆ ಬೆಲೆ ಇದ್ದಿದ್ದಕ್ಕೇ ತಾನೆ ಅವರು ಬಂದಿದ್ದು?

ಇನ್ನೊಂದು ವಿಷಯ. ಲಿಕ್ವಿಡೇಶನ್‌ಗೆ ಹೋದ ಕಂಪನಿಯ ಆಸ್ತಿ ಮಾರಿ ಬಂದ ಹಣದಲ್ಲಿ ಮೊದಲ ಸಾಲಿನ ಹಕ್ಕು ಕಾರ್ಮಿಕರ ಬಾಕಿಗೆ ಮತ್ತು ಅಡಮಾನ ಇಟ್ಟುಕೊಂಡು ಸಾಲ ಕೊಟ್ಟವರಿಗೆ. ಜಾಗ, ಯಂತ್ರ ಹೇಗೋ ಹಾಗೆ ಹೆಸರೂ ಒಂದು ಆಸ್ತಿಯೇ ಅಂತ ನನ್ನ ಬಲವಾದ ಅಭಿಪ್ರಾಯ. ಮಗ ಎಂಬ ಕಾರಣಕ್ಕೆ ಕಂಪನಿಯ ಯಂತ್ರವನ್ನು ಮನೆಗೆ ಒಯ್ಯಲಾಗುವುದಿಲ್ಲ. ಬೊಮನ್ ಅವರಿಗೆ ಗಾಡಿಯ ಮೇಲಿರುವ ಪ್ರೀತಿ ನಿಜವೇ ಇರಬಹುದು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಆ ಹೆಸರಿನಿಂದ ಬರುವ ಲಾಭದಲ್ಲಿ ಯಾದವಗಿರಿಯಲ್ಲಿ ಗಾಡಿ ಜೋಡಿಸಿದವರಿಗೂ ಪಾಲು ಸಿಗಬೇಕಿತ್ತು.

ಹಾಸನದ ಹೊಸಬ:
ಇಷ್ಟೆಲ್ಲ ಇದೆ ಅಂತ ಗೊತ್ತೇ ಇರಲಿಲ್ಲ. ಹಾಗಾದ್ರೆ ಹೊಸದು ತಗೋಬೇಡ ಅಂತೀರಾ?

ಯಾದವಗಿರಿ ರೋಡ್‌ಕಿಂಗ್:
ಹಾಗಲ್ಲ. ಓಡಿಸಿ ನೋಡಿ, ಹಿಡಿಸಿದರೆ ತಗೊಳ್ಳಿ. ಅದು 334 ಸಿಸಿಯ ಫೋರ್ ಸ್ಟ್ರೋಕ್, ಪೂರ್ತಿ ಬೇರೆ ಎಂಜಿನ್. ಹಳೆಯದರ ಸದ್ದನ್ನು ಅದರಲ್ಲಿ ಹುಡುಕಬೇಡಿ. ಅಪ್ಪನಿಗೋಸ್ಕರ ಅಂದರೆ ಚೆನ್ನಾಗಿರುವ ಹಳೆಯ ಗಾಡಿ ಮೈಸೂರಿನಲ್ಲಿ ಇನ್ನೂ ಸಿಗುತ್ತೆ. ಆರ್‌ಸಿ ಮತ್ತು ಚಾಸಿ ನಂಬರ್ ಸರಿಯಾಗಿ ತಾಳೆ ನೋಡಿದ ಮೇಲೆಯೇ ದುಡ್ಡು ಕೊಡಿ.