ಚಿಕಿತ್ಸೆ ಮುಗಿದು ಎಂಟು ತಿಂಗಳು, 'ಹೊಸ ಬದುಕು' ಮಾತ್ರ ಶುರುವಾಗಿಲ್ಲ

ಡೊಂಬಿವಲಿ_ಪೂರ್ವ

ನಮಸ್ಕಾರ. ಅತ್ತಿಗೆಗೆ 47 ವರ್ಷ, ಸ್ತನ ಕ್ಯಾನ್ಸರ್. ಪರೇಲಿನ ಟಾಟಾ ಆಸ್ಪತ್ರೆಯಲ್ಲಿ ಆಪರೇಷನ್, ಕೀಮೋ, ರೇಡಿಯೇಷನ್ ಎಲ್ಲ ಮುಗಿದು ಎಂಟು ತಿಂಗಳಾಯಿತು. ಈಗ ಕ್ಯಾನ್ಸರ್ ಮರುಕಳಿಸದಿರಲಿ ಎಂದು ದಿನಕ್ಕೊಂದು ಟ್ಯಾಮೊಕ್ಸಿಫೆನ್ ಮಾತ್ರೆ. ರಿಪೋರ್ಟ್ ಚೆನ್ನಾಗಿದೆ. ನೆಂಟರೆಲ್ಲ "ಪುನರ್ಜನ್ಮ ಸಿಕ್ಕಿತಲ್ಲ" ಅನ್ನುತ್ತಾರೆ. ಸಂಘದವರು ಮಹಿಳಾ ದಿನಕ್ಕೆ ಶಾಲು ಹೊದಿಸುತ್ತೇವೆ, ವೇದಿಕೆ ಮೇಲೆ ಎರಡು ಮಾತಾಡಿ ಎಂದು ಹಟ ಹಿಡಿದಿದ್ದಾರೆ. ಅತ್ತಿಗೆಗೋ ಬೆಳಗ್ಗೆ ಎದ್ದರೆ ಸುಸ್ತು, ಚೆಕಪ್ ಹತ್ತಿರ ಬಂದರೆ ನಿದ್ದೆಯಿಲ್ಲ. "ಎಲ್ಲರೂ ಬದಲಾಗ್ತಾರಂತೆ, ನನಗೇನೂ ಅನ್ನಿಸ್ತಿಲ್ಲ, ನನ್ನಲ್ಲೇ ಕೊರತೆ" ಅನ್ನುತ್ತಾರೆ. ಇದಕ್ಕೆ ಮಾಡುವಂಥದ್ದು ಏನಾದರೂ ಇದೆಯೇ? ದೇವರ ಮೇಲೆ ಭಾರ ಹಾಕಿ ಅನ್ನುವ ಉತ್ತರ ಬೇಡ, ಮನೆಯಲ್ಲೇ ಬೇಕಾದಷ್ಟು ಸಿಗುತ್ತಿದೆ.

ಆಪ್ತಸಮಾಲೋಚಕಿ_ಮಾಟುಂಗ

ಕೊರತೆ ಏನೂ ಇಲ್ಲ. ಚಿಕಿತ್ಸೆ ನಡೆಯುವಾಗ ಮುಂದಿನ ತಾರೀಕು, ಮುಂದಿನ ಸಲೈನ್ ಎಂದು ದಿನ ಓಡುತ್ತದೆ, ಯೋಚನೆಗೆ ಪುರುಸೊತ್ತಿರುವುದಿಲ್ಲ. ಎಲ್ಲ ಮುಗಿದ ಮೇಲೆಯೇ ಭಯ ಬಂದು ಮನೆಯಲ್ಲಿ ಕೂರುವುದು.

ನೀವು ಹೇಳುವ ಬದಲಾವಣೆಯನ್ನು ಅಳೆಯಲು ಅಮೆರಿಕದ ಟೆಡೆಸ್ಕಿ ಮತ್ತು ಕಾಲ್‌ಹೂನ್ ಎಂಬ ಮನಶ್ಶಾಸ್ತ್ರಜ್ಞರು 1996ರಲ್ಲಿ 21 ವಾಕ್ಯಗಳ ಪ್ರಶ್ನಾವಳಿ ಮಾಡಿದರು. ಅದು ಐದು ಕಡೆ ನೋಡುತ್ತದೆ: ಬದುಕಿನ ಬೆಲೆ, ಜನರ ನಂಟು, ಹೊಸ ದಾರಿ, ತನ್ನ ಬಲದ ಅರಿವು, ಅಧ್ಯಾತ್ಮ. ಭಾಷಣ ಮಾಡುವವರು ಬಿಟ್ಟುಬಿಡುವ ಸಂಗತಿ ಇದು: ಈ ಇಬ್ಬರ ಪ್ರಕಾರ ಕಾಯಿಲೆ ಯಾರನ್ನೂ ಬೆಳೆಸುವುದಿಲ್ಲ. ಅದು ಒಡೆದುಹಾಕಿದ ನಂಬಿಕೆಗಳನ್ನು ಮತ್ತೆ ಕಟ್ಟಿಕೊಳ್ಳುವ ಗುದ್ದಾಟದಲ್ಲಿ ಬೆಳವಣಿಗೆ ಆಗುತ್ತದೆ, ಆದರೆ ಎಲ್ಲರಲ್ಲೂ ಆಗಲೇಬೇಕೆಂದಿಲ್ಲ. ಆದವರಲ್ಲೂ ಸಂಕಟ ಪಕ್ಕದಲ್ಲೇ ಇರುತ್ತದೆ. ಐದರಲ್ಲಿ ಒಂದು ಕಡೆ ಅಷ್ಟಿಷ್ಟು ಕಂಡರೂ ಅದು ಲೆಕ್ಕಕ್ಕೆ ಬರುತ್ತದೆ. ಹುಣ್ಣು ಮಾಯುವ ಮೊದಲೇ ವೇದಿಕೆ ಹತ್ತಿಸಿದರೆ ಆ ಗುದ್ದಾಟ ಬಾಯಿಮುಚ್ಚಿಕೊಳ್ಳುತ್ತದೆ. ಶಾಲು ಮುಂದಕ್ಕೆ ಹಾಕಿ.

ಮಾಡಬಹುದಾದ್ದು ಮೆಲುಕಿನ ವಿಷಯದಲ್ಲಿ. 'ನನಗೇ ಯಾಕೆ', 'ಮತ್ತೆ ಬಂದರೆ' ಎಂದು ತಾನಾಗಿ ನುಗ್ಗುವ ಮೆಲುಕು ಸುಸ್ತು ಮಾಡುತ್ತದೆ. ಕೂತು, ಬೇಕೆಂದೇ ಹಾಕುವ ಮೆಲುಕು ಕೆಲಸಕ್ಕೆ ಬರುತ್ತದೆ. ಮೊದಲನೆಯದನ್ನು ಎರಡನೆಯದರ ಕಡೆ ತಿರುಗಿಸಲು ಬರವಣಿಗೆ ಒಳ್ಳೆಯ ದಾರಿ. ಮನಶ್ಶಾಸ್ತ್ರಜ್ಞ ಪೆನ್ನೆಬೇಕರ್ ಅವರ 1986ರ ಪ್ರಯೋಗದ ಕ್ರಮ ಸರಳ: ಸತತ ನಾಲ್ಕು ದಿನ, ದಿನಕ್ಕೆ 15 ನಿಮಿಷ. ಅಲಾರಂ ಇಟ್ಟು, ಪೆನ್ನು ಎತ್ತದೆ, ಆದದ್ದನ್ನೂ ಅದರ ಬಗ್ಗೆ ಅನ್ನಿಸಿದ್ದನ್ನೂ ಬರೆಯುವುದು. ಕಾಗುಣಿತ ನೋಡುವುದು ಬೇಡ. ಮನೆಮಾತು ತುಳುವಾದರೆ ಕನ್ನಡ ಲಿಪಿಯಲ್ಲಿ ತುಳು ಬರೆಯಲಿ, ನಡುವೆ ಮರಾಠಿ ನುಗ್ಗಿದರೆ ನುಗ್ಗಲಿ. ಬರೆದದ್ದನ್ನು ಹರಿದು ಹಾಕಬಹುದು. ಯಾರಾದರೂ ಓದುತ್ತಾರೆಂಬ ಅನುಮಾನ ಬಂದರೆ ಬರವಣಿಗೆ ಶೋಕೇಸ್ ಆಗುತ್ತದೆ, ಆದ್ದರಿಂದ ನೀವಂತೂ ಇಣುಕಬೇಡಿ.

ಕೆಡುವುದು ಎಲ್ಲಿ? ಮಲಗುವ ಮುಂಚೆ ಬರೆದರೆ ನಿದ್ದೆ ಕೆಡುತ್ತದೆ, ಸಂಜೆ ಚಹಾದ ಹೊತ್ತು ಮೇಲು. ಬರೆದ ಕೂಡಲೇ ಮನಸ್ಸು ಭಾರವಾಗುವುದು ಸಹಜ, ಸಾಮಾನ್ಯವಾಗಿ ಒಂದೆರಡು ಗಂಟೆಯಲ್ಲಿ ಇಳಿಯುತ್ತದೆ. ನಾಲ್ಕು ದಿನವೂ ಅದೇ ವಾಕ್ಯ ಸುತ್ತುತ್ತಿದ್ದರೆ ನಿಲ್ಲಿಸಿ. ಲಾಭ ಕಂಡವರ ಬರಹದಲ್ಲಿ ದಿನ ಕಳೆದಂತೆ 'ಯಾಕೆಂದರೆ', 'ಈಗ ತಿಳಿಯಿತು' ಥರದ ಮಾತು ಹೆಚ್ಚುತ್ತದೆ.

ಎರಡು ವಾರ ಬಿಡದೆ ಮಂಕು, ಯಾವುದರಲ್ಲೂ ಆಸಕ್ತಿಯಿಲ್ಲ, ಬದುಕು ಸಾಕೆನ್ನುವ ಮಾತು ಬಂತೆಂದರೆ ನೋಟ್‌ಬುಕ್ ಬದಿಗಿಟ್ಟು ಮನೋವೈದ್ಯರ ಹತ್ತಿರ ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ಹಗಲುರಾತ್ರಿ ಫೋನ್ ಮಾಡಬಹುದು. ವೈದ್ಯರಿಗೆ ಟ್ಯಾಮೊಕ್ಸಿಫೆನ್ ವಿಷಯ ಮರೆಯದೆ ಹೇಳಿ. ಖಿನ್ನತೆಗೆ ಕೊಡುವ ಪಾರೊಕ್ಸೆಟಿನ್, ಫ್ಲುವೊಕ್ಸೆಟಿನ್‌ನಂಥ ಮಾತ್ರೆಗಳು ಅದು ದೇಹದಲ್ಲಿ ಸಕ್ರಿಯ ರೂಪಕ್ಕೆ ತಿರುಗುವುದನ್ನು ತಡೆಯುತ್ತವೆ. ಬೇರೆ ಮಾತ್ರೆಗಳಿವೆ.

ಫಿಸಿಯೊ_ಠಾಣೆ

ಮೇಡಂ ಹೇಳಿದ್ದು ಸರಿ, ಆದರೆ ಸುಸ್ತಿನಲ್ಲಿ ಪೆನ್ನು ಹಿಡಿಯುವುದೂ ಕಷ್ಟ. ಮೊದಲು ಹಿಮೋಗ್ಲೋಬಿನ್, ಥೈರಾಯ್ಡ್ ಪರೀಕ್ಷೆ ಆಗಲಿ. ಟ್ಯಾಮೊಕ್ಸಿಫೆನ್‌ನಿಂದ ರಾತ್ರಿ ಮೈ ಬಿಸಿಯಾಗಿ ಬೆವರಿ ಎಚ್ಚರವಾಗುತ್ತಿದೆಯೇ ಕೇಳಿ. ಹಾಗಿದ್ದರೆ ಡಾಕ್ಟರಿಗೆ ತಿಳಿಸಿ, ತಾವಾಗಿ ಮಾತ್ರೆ ಬಿಡಬಾರದು.

ಕ್ಯಾನ್ಸರ್ ಸುಸ್ತು ಮಲಗಿದರೆ ಹೋಗುವಂಥದ್ದಲ್ಲ. ದಿನಕ್ಕೆ 10 ನಿಮಿಷದ ನಡಿಗೆಯಿಂದ ಶುರುಮಾಡಿ, ವಾರಕ್ಕೆ ಐದೈದು ನಿಮಿಷ ಸೇರಿಸಿ. ಗುರಿ: ವಾರಕ್ಕೆ ಕನಿಷ್ಠ ಮೂರು ದಿನ, 30 ನಿಮಿಷ, ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ವೇಗ. ಮಳೆಗಾಲದಲ್ಲಿ ಬಿಲ್ಡಿಂಗಿನ ಪ್ಯಾಸೇಜೇ ಸಾಕು. ದೊಡ್ಡ ತಪ್ಪು ಅಂದರೆ ಹುಷಾರೆನಿಸಿದ ದಿನ ಬಟ್ಟೆ, ಬಜಾರು, ಅಟ್ಟ ಎಲ್ಲ ಮುಗಿಸಿ ಮರುದಿನದಿಂದ ಎರಡು ದಿನ ಹಾಸಿಗೆ ಹಿಡಿಯುವುದು. ಒಳ್ಳೆಯ ದಿನವೂ ಅಷ್ಟೇ ನಿಮಿಷ, ಕೆಟ್ಟ ದಿನ ಅದರ ಅರ್ಧ.

ವಾರಕ್ಕೆ ಎರಡು ದಿನ ತೂಕವೂ ಎತ್ತಲಿ: ಅರ್ಧ ಕೆಜಿ, ಹತ್ತು ಸಲ. ಮೊದಲ ಕೆಲವು ಸಲ ತಿಳಿದವರ ಎದುರು. ಆಪರೇಷನ್ ಆದ ಕಡೆಯ ಕೈಯಿಂದ ಏನೂ ಎತ್ತಬಾರದು ಅನ್ನುವುದು ಹಳೆಯ ಮಾತು. ನಿಧಾನವಾಗಿ ಏರಿಸಿದರೆ ಕೈ ಬಾವು ಹೆಚ್ಚುವುದಿಲ್ಲ ಎಂದು 2009ರಲ್ಲೇ ಪ್ರಕಟವಾದ ಪ್ರಯೋಗ ತೋರಿಸಿದೆ. ತಿಂಗಳಿಗೊಮ್ಮೆ ಮಣಿಕಟ್ಟಿನಿಂದ ಹತ್ತು ಹತ್ತು ಸೆಂ.ಮೀ. ದೂರದಲ್ಲಿ ಎರಡೂ ಕೈಯ ಸುತ್ತಳತೆ ಬರೆದಿಡಿ. ಒಂದೇ ಜಾಗದಲ್ಲಿ 2 ಸೆಂ.ಮೀ. ವ್ಯತ್ಯಾಸ ಬಂದರೆ ತೋರಿಸಿ. ಲೋಕಲ್ ರೈಲಿನಲ್ಲಿ ಆ ಕೈಯಿಂದ ಹಿಡಿಕೆಗೆ ಜೋತುಬೀಳುವುದು ಬೇಡ.

ಕಾಂದಿವಲಿ_ಸ್ವಯಂಸೇವಕ

ಚೆಕಪ್ ಭಯದ ಬಗ್ಗೆ ಇಷ್ಟು. ಮೊದಲ ಮೂರು ವರ್ಷ 3ರಿಂದ 6 ತಿಂಗಳಿಗೊಮ್ಮೆ, ಮುಂದಿನ ಎರಡು ವರ್ಷ 6ರಿಂದ 12 ತಿಂಗಳಿಗೊಮ್ಮೆ, ವರ್ಷಕ್ಕೊಂದು ಮ್ಯಾಮೊಗ್ರಾಂ (ಸ್ತನದ ಎಕ್ಸ್‌ರೇ), ಇದು ಸಾಮಾನ್ಯ ಕ್ರಮ. ಲಕ್ಷಣವೇ ಇಲ್ಲದೆ ಸಮಾಧಾನಕ್ಕೆಂದು ಇಡೀ ಮೈಯ ಪೆಟ್ ಸ್ಕ್ಯಾನ್ ಮಾಡಿಸಿದರೆ ಯಾವುದೋ ನಿರಪಾಯ ಚುಕ್ಕೆ ಕಂಡು ಭಯ ದುಪ್ಪಟ್ಟಾಗುತ್ತದೆ. ಗಂಟು ಕಂಡರೆ, ಉಸಿರು ಕಟ್ಟಿದರೆ ಕಾಯಬೇಡಿ. ಬೇರೆ ಹೊಸ ನೋವು ಎರಡು ವಾರ ನಿಂತರೆ ಫೋನ್ ಮಾಡಿ. ಈ ನಿಯಮ ಬರೆದು ಫ್ರಿಜ್‌ಗೆ ಅಂಟಿಸಿದರೆ ರಾತ್ರಿ ಎರಡು ಗಂಟೆಗೆ ಗೂಗಲ್ ತೆರೆಯುವುದು ಕಡಿಮೆಯಾಗುತ್ತದೆ.

ಲೋಕಲ್‌ನ ದಿವ್ಯಾಂಗರ ಡಬ್ಬದಲ್ಲಿ ಕ್ಯಾನ್ಸರ್ ರೋಗಿಗಳಿಗೂ ಅವಕಾಶವಿದೆ, ಆಸ್ಪತ್ರೆಯ ಕಾಗದ ಜೊತೆಗಿರಲಿ.

ಡೊಂಬಿವಲಿ_ಪೂರ್ವ

ಎಲ್ಲರಿಗೂ ಧನ್ಯವಾದ. ಸಂಘದವರಿಗೆ ಏನು ಹೇಳಲಿ? ಆ ಅಳತೆಗೆ ಟೇಪ್ ಯಾವುದು?

ಆಪ್ತಸಮಾಲೋಚಕಿ_ಮಾಟುಂಗ

ಅತ್ತಿಗೆಯವರನ್ನೇ ಕೇಳಿ, ಬೇಡವೆಂದರೆ "ಈ ವರ್ಷ ಬೇಡ" ಅಂದುಬಿಡಿ. ಕಾರಣ ಕೊಟ್ಟರೆ ಸಮಿತಿ ಚರ್ಚೆಗೆ ಕೂರುತ್ತದೆ. ಕಾರ್ಯಕ್ರಮ ನೋಡುವ ಮನಸ್ಸಿದ್ದರೆ ಹಿಂದಿನ ಸಾಲಿನಲ್ಲಿ, ಬಾಗಿಲ ಪಕ್ಕ ಜಾಗ ಹಿಡಿದಿಡಿ. ಎದ್ದು ಬರಬೇಕೆನಿಸಿದರೆ ಯಾರ ಮೊಣಕಾಲನ್ನೂ ದಾಟಬೇಕಿಲ್ಲ.

ಫಿಸಿಯೊ_ಠಾಣೆ

ದರ್ಜಿಯವರ ಟೇಪ್ ಸಾಕು. ಆದರೆ ಬಟ್ಟೆಯಿಂದ ಮಾಡಿದ್ದು ಬೇಡ, ಎಳೆದುಹೋಗಿ ಅಳತೆ ತಪ್ಪುತ್ತದೆ.