ಪದಚರ್ಚೆ: 'ಗೋಡೆಬರಹ' ಅಂದರೆ ಚಿತ್ರವೂ ಸೇರುತ್ತದಾ?

ಎಲ್ಲರಿಗೂ ನಮಸ್ಕಾರ. ಈಜಿಪ್ಟಿನ ರಾಜಧಾನಿ ಕೈರೋದ 2011ರ ದಂಗೆಯ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಗ್ರಾಫಿಟಿಗೆ, ಅಂದರೆ ಯಾರ ಅನುಮತಿಯೂ ಇಲ್ಲದೆ ಊರಿನ ಗೋಡೆಗಳ ಮೇಲೆ ಬರೆಯುವ ಅಕ್ಷರ, ಚಿತ್ರಗಳಿಗೆ, ಕನ್ನಡದಲ್ಲಿ ಏನನ್ನಬೇಕು ಅನ್ನುವ ಕಡೆ ಸಿಕ್ಕಿಹಾಕಿಕೊಂಡಿದ್ದೇನೆ.

ತಕ್ಷಣ ಕೈಗೆ ಸಿಗುವುದು 'ಭಿತ್ತಿಚಿತ್ರ'. ನನಗೆ ಅದು ಒಪ್ಪುತ್ತಿಲ್ಲ. ಆ ಪದ ಕೇಳಿದರೆ ಯಾರೋ ಹೇಳಿ ಮಾಡಿಸಿದ, ತಿಂಗಳುಗಟ್ಟಲೆ ಕೂತು ಬರೆದ ದೊಡ್ಡ ಚಿತ್ರ ಕಣ್ಣಿಗೆ ಬರುತ್ತದೆ. ಮೆಕ್ಸಿಕೋದಲ್ಲಿ ಕ್ರಾಂತಿ ಆದ ಮೇಲೆ, 1920ರ ದಶಕದಲ್ಲಿ ಸರ್ಕಾರವೇ ಡಿಯೇಗೋ ರಿವೇರಾ ಅಂಥ ಚಿತ್ರಕಾರರನ್ನು ಕರೆದು ಸರ್ಕಾರಿ ಕಟ್ಟಡಗಳ ಗೋಡೆ ಕೊಟ್ಟಿತಲ್ಲ, ಅದಕ್ಕೆ ಸರಿ. ಪೊಲೀಸರು ಬರುವಷ್ಟರಲ್ಲಿ ಬರೆದು ಓಡುವವರ ಕೆಲಸಕ್ಕೆ ಹೊಂದುವುದಿಲ್ಲ.

'ಗೀಚುಬರಹ' ಮೂಲಕ್ಕೆ ಹತ್ತಿರ. ಇಟಾಲಿಯನ್‌ನಲ್ಲಿ 'ಗ್ರಾಫಿಟಿ' ಪದ ಹುಟ್ಟಿದ್ದೇ ಗೀರುವುದು, ಕೆರೆಯುವುದು ಅನ್ನುವ ಅರ್ಥದಿಂದ. ಆದರೆ ನಮ್ಮಲ್ಲಿ ಗೀಚುವುದು ಅಂದರೆ ಸುಮ್ನೆ ಮನಸ್ಸಿಗೆ ಬಂದ ಹಾಗೆ ಗೆರೆ ಎಳೆಯುವುದು. 2011ರ ನವೆಂಬರ್‌ನಲ್ಲಿ ಕೈರೋದ ಮೊಹಮ್ಮದ್ ಮಹಮೂದ್ ಬೀದಿಯಲ್ಲಿ ಪೊಲೀಸರ ಚರೆ ಗುಂಡಿಗೆ ಎಷ್ಟೋ ಜನ ಕಣ್ಣು ಕಳೆದುಕೊಂಡರು, ಆಮೇಲೆ ಅದೇ ಬೀದಿಯ ಗೋಡೆಯ ಮೇಲೆ ಒಂದು ಕಣ್ಣಿಗೆ ಪಟ್ಟಿ ಕಟ್ಟಿದ ಮುಖಗಳು ಸಾಲಾಗಿ ಮೂಡಿದವು. ಅದನ್ನು 'ಗೀಚಿದರು' ಅನ್ನಲು ನನಗೆ ಮನಸ್ಸೇ ಬರುವುದಿಲ್ಲ.

ಹಾಗಾಗಿ 'ಗೋಡೆಬರಹ'ಕ್ಕೆ ಬಂದು ನಿಂತಿದ್ದೇನೆ. ಅದೇ ವರ್ಷ ಸಿರಿಯಾದ ದರಾ ಊರಿನಲ್ಲಿ ಹುಡುಗರು ಶಾಲೆಯ ಗೋಡೆ ಮೇಲೆ ಸರ್ಕಾರದ ವಿರುದ್ಧ ಬರೆದದ್ದು ಬರೀ ಅಕ್ಷರ, ಅಲ್ಲಿ ತೊಂದರೆಯಿಲ್ಲ. ಕೈರೋದ ಈ ಬೀದಿಯಲ್ಲಿ ಚಿತ್ರವೂ ಇದೆ, ಅಕ್ಷರವೂ ಇದೆ, ಎರಡೂ ಒಂದರೊಳಗೊಂದು ಸೇರಿಕೊಂಡಿವೆ. ನಾವು ಚಿತ್ರವನ್ನೂ 'ಬರೆಯುತ್ತೇವೆ' ಅಲ್ವಾ? ಕ್ರಿಯಾಪದ ಎರಡಕ್ಕೂ ಒದಗುತ್ತದೆ, 'ಬರಹ' ಅಂದ ಕೂಡಲೇ ಮಾತ್ರ ಅಕ್ಷರಕ್ಕೇ ನಿಂತುಬಿಡುತ್ತದೆ. ಇದು ನನಗೆ ನಿಜಕ್ಕೂ ಬೇಜಾರಿನ ವಿಷಯ, ಯಾಕಂದರೆ 'ಬರೆ'ಯಂಥ ಪದ ಎಷ್ಟು ಭಾಷೆಗಳಿಗೆ ಸಿಕ್ಕೀತು!

ನನ್ನ ವಾಕ್ಯ ಹೀಗಿದೆ: "2012ರ ಸೆಪ್ಟೆಂಬರ್‌ನಲ್ಲಿ ಆ ಗೋಡೆಬರಹಗಳ ಮೇಲೆ ಬಣ್ಣ ಬಳಿದು ಮುಚ್ಚಿದರು, ಹೊಸ ಬಣ್ಣದ ಮೇಲೆ ಯಾರೋ ನಾಲಗೆ ಚಾಚಿದ ಮುಖವೊಂದನ್ನು ಬರೆದರು." ಓದಿದವರಿಗೆ ಅಲ್ಲಿ ಮೊದಲು ಚಿತ್ರಗಳೂ ಇದ್ದವು ಅಂತ ಹೊಳೆಯುತ್ತದಾ, ಇಲ್ಲಾ ಬರೀ ಘೋಷಣೆ ಅನ್ನಿಸುತ್ತದಾ? 'ಬೀದಿಚಿತ್ರ' ಅನ್ನೋಣ ಅಂದರೆ ಬೀದಿಯನ್ನು ತೋರಿಸುವ ಚಿತ್ರ ಅಂದುಕೊಳ್ಳಬಹುದು. ನಿಮ್ಮ ಕಡೆ ಮಾತಿನಲ್ಲಿ ಬೇರೆ ಪದ ಓಡಾಡುತ್ತಿದ್ದರೆ, ಅದನ್ನು ಬಳಸಿದ ಒಂದು ವಾಕ್ಯದ ಜೊತೆ ತಿಳಿಸಿ.