ಆರು ಪುಟಕ್ಕೆ ಬಣ್ಣ ಹಾಕಿದ ಮೇಲೆ ‘ಹುಡುಗಿ ಹೀಗಿರಬಾರದಿತ್ತು’ ಅಂದರೆ?

ಪ್ರಶ್ನೆ: ಮೇಡಂ, ನಾನು ಚಿತ್ರ ಬರೆಯುತ್ತಿರುವ ಮೊದಲ ಮಕ್ಕಳ ಪುಸ್ತಕ ಇದು. ಕತೆ ಬರೆದವರೇ ಅಚ್ಚು ಹಾಕಿಸುತ್ತಿದ್ದಾರೆ, 32 ಪುಟ. ಕತೆ ಓದಿದ ಖುಷಿಯಲ್ಲಿ ನೇರ ಬಣ್ಣಕ್ಕೇ ಇಳಿದುಬಿಟ್ಟೆ. ಆರು ಪುಟ ಮುಗಿದಿದೆ. ಈಗ ಅವರು ಹುಡುಗಿ ಇನ್ನೂ ಚಿಕ್ಕವಳಾಗಿ ಕಾಣಬೇಕು, ಜಡೆ ಬೇಡ ಅನ್ನುತ್ತಿದ್ದಾರೆ. ಎಲ್ಲ ಮತ್ತೆ ಬರೆಯಬೇಕಾ? ದುಡ್ಡು ಜಾಸ್ತಿ ಕೇಳಬಹುದಾ?

ಉತ್ತರ: ಮೊದಲು ಕೆಲಸ ನಿಲ್ಲಿಸಿ. ಏಳನೇ ಪುಟ ಮುಟ್ಟಬೇಡಿ. ಆ ಲೇಖಕರ ತಲೆಯಲ್ಲಿ ಆ ಹುಡುಗಿ ಎಷ್ಟೋ ದಿನದಿಂದ ಓಡಾಡಿಕೊಂಡಿದ್ದಾಳೆ, ನಿಮ್ಮ ತಲೆಯಲ್ಲಿ ಬೇರೆ ಹುಡುಗಿ ಹುಟ್ಟಿದಳು, ಇಬ್ಬರನ್ನೂ ಪಕ್ಕದಲ್ಲಿಟ್ಟು ನೋಡುವ ಕೆಲಸ ಮಾತ್ರ ಯಾರೂ ಮಾಡಲಿಲ್ಲ. ಈಗ ಮಾಡಿ. ಒಂದೇ ಹಾಳೆಯಲ್ಲಿ ಅವಳನ್ನು ಪೆನ್ಸಿಲ್‌ನಲ್ಲಿ ಬರೆಯಿರಿ: ಎದುರಿಂದ, ಪಕ್ಕದಿಂದ, ಬೆನ್ನ ಕಡೆಯಿಂದ, ಅಳುವಾಗ, ಓಡುವಾಗ, ಅಮ್ಮನ ಪಕ್ಕ ನಿಂತಾಗ. ಮಗುವಿನ ವಯಸ್ಸು ಕಾಣುವುದು ಮುಖಕ್ಕಿಂತ ತಲೆಗೂ ಮೈಗೂ ಇರುವ ಅಳತೆಯಲ್ಲಿ. ಮೂರು ವರ್ಷದ ಮಗುವಿನ ತಲೆ ಮೈಗೆ ಹೋಲಿಸಿದರೆ ದೊಡ್ಡದು, ಹತ್ತರ ಹುಡುಗಿಗೆ ಹಾಗಿರಲ್ಲ. ಲೇಖಕರು ಒಪ್ಪಿದರೆ ‘ಸರಿ’ ಅಂತ ಮೆಸೇಜಿನಲ್ಲೇ ಬರೆಸಿಕೊಳ್ಳಿ.

ಆಮೇಲೆ ಡಮ್ಮಿ ಪುಸ್ತಕ, ಅಂದರೆ ಅಚ್ಚಿಗೆ ಮುಂಚೆ ಕೈಯಲ್ಲೇ ಮಾಡಿಕೊಳ್ಳುವ ಮಾದರಿ. ಎಂಟು ಹಾಳೆ ಅರ್ಧಕ್ಕೆ ಮಡಚಿ ಒಂದರೊಳಗೊಂದು ಸೇರಿಸಿದರೆ 32 ಪುಟ ಆಯಿತು. ಶೀರ್ಷಿಕೆ, ಪ್ರಕಾಶನದ ವಿವರ ಎಲ್ಲ ಕಳೆದರೆ ಕತೆಗೆ ಸಿಗುವುದು ಹೆಚ್ಚುಕಡಿಮೆ 12ರಿಂದ 14 ಜೋಡಿಪುಟ (ಪುಸ್ತಕ ತೆರೆದಾಗ ಎದುರುಬದುರು ಕಾಣುವ ಎರಡು ಪುಟ ಸೇರಿ ಒಂದು ಜೋಡಿ). ಅದರಲ್ಲಿ ಗೀಚುಚಿತ್ರ ಬರೆದು, ಪುಟ ತಿರುಗಿಸುತ್ತಾ ಜೋರಾಗಿ ಓದಿ. ಬಾಗಿಲು ಬಡಿಯುವ ಸದ್ದು ಬಲಪುಟದಲ್ಲಿದ್ದು, ಹೊರಗೆ ಯಾರಿದ್ದಾರೆ ಅನ್ನುವುದು ಪುಟ ತಿರುಗಿಸಿದ ಮೇಲೆ ಬಂದರೆ ಮಗು ತಾನೇ ಕೈ ಹಾಕಿ ತಿರುಗಿಸುತ್ತದೆ. ಇದು ಪರದೆಯ ಮೇಲೆ ಗೊತ್ತಾಗುವುದೇ ಇಲ್ಲ. ನನಗೆ ಇಡೀ ಕೆಲಸದಲ್ಲಿ ತುಂಬ ಇಷ್ಟದ ಹಂತ ಇದೇ.

ದುಡ್ಡಿನ ವಿಷಯ. ಪೆನ್ಸಿಲ್ ಕರಡು ತೋರಿಸದೆ ಬಣ್ಣ ಹಾಕಿದ್ದು ನೀವು, ಹಾಗಾಗಿ ಈ ಸಲದ ತಿದ್ದುಪಡಿ ನೀವೇ ಮಾಡಿಕೊಡುವುದು ನ್ಯಾಯ. ಕಂಪ್ಯೂಟರಿನಲ್ಲಿ ಹುಡುಗಿಗೊಂದು, ಹಿನ್ನೆಲೆಗೊಂದು ಲೇಯರ್ (ಪದರ) ಬೇರೆ ಬೇರೆ ಇಟ್ಟಿದ್ದರೆ ಹಿನ್ನೆಲೆ ಉಳಿಯುತ್ತದೆ, ಹುಡುಗಿಯನ್ನಷ್ಟೇ ಬದಲಿಸಿ. ಮುಂದಿನದಕ್ಕೆ ಮಾತ್ರ ಈಗಲೇ ಬರೆದುಕೊಳ್ಳಿ: ಪೆನ್ಸಿಲ್ ಹಂತದಲ್ಲಿ ಎರಡು ಸುತ್ತು ತಿದ್ದುಪಡಿಗೆ ದುಡ್ಡಿಲ್ಲ, ಬಣ್ಣ ಬಿದ್ದ ಮೇಲೆ ಪುಟಕ್ಕೆ ಇಷ್ಟು. ಮುಂಗಡ ಸ್ವಲ್ಪ, ಕರಡು ಒಪ್ಪಿದಾಗ ಸ್ವಲ್ಪ, ಉಳಿದದ್ದು ಅಚ್ಚಿನ ಫೈಲ್ ಕೊಡುವ ಮುಂಚೆ. ಕೇಳಲು ಸಂಕೋಚ ಬೇಡ, ತಿಂಗಳುಗಟ್ಟಲೆ ಕೆಲಸ ಅಲ್ವಾ ಇದು.

ಪ್ರಶ್ನೆ ಕೇಳಿದವರು: ಲೇಯರ್ ಬೇರೆ ಇದೆ ಮೇಡಂ, ಬದುಕಿದೆ! ಆದರೆ ಅಕ್ಷರ ಆಮೇಲೆ ಕೂರಿಸುತ್ತಾರಂತೆ, ನಾನು ಪುಟದ ತುಂಬ ಚಿತ್ರ ಬರೆದುಬಿಟ್ಟಿದ್ದೇನೆ.

ಉತ್ತರ: ಅಯ್ಯೋ, ಅಕ್ಷರಕ್ಕೆ ಜಾಗ ಕರಡಿನಲ್ಲೇ ಇರಬೇಕು. ಆಕಾಶ, ಗೋಡೆ, ನೆಲ ಇಂಥ ಖಾಲಿ ಕಡೆ ಬಿಡಿ. ಪುಟ ಸೇರುವ ನಡುಗೆರೆಯಲ್ಲಿ ಮುಖ ಬರದಂತೆ ನೋಡಿ, ಹೊಲಿಗೆಯೊಳಗೆ ಮೂಗು ಹೋಗಿಬಿಡುತ್ತದೆ. ಸುತ್ತ 3 ಮಿಲಿಮೀಟರ್ ಬ್ಲೀಡ್ (ಕಾಗದ ಕತ್ತರಿಸುವಾಗ ಬಿಳಿ ಅಂಚು ಉಳಿಯದಂತೆ ಪುಟದಾಚೆಗೂ ಚಾಚಿದ ಚಿತ್ರ), ಅಚ್ಚಾಗುವ ಅಳತೆಯಲ್ಲೇ 300 ಡಿಪಿಐ (ಇಂಚಿಗೆ 300 ಚುಕ್ಕೆ). ಪರದೆಯ ಹೊಳೆಯುವ ಹಸಿರು, ನೀಲಿ ಕಾಗದದಲ್ಲಿ ಮಂಕಾಗುತ್ತವೆ, ಹಾಗಾಗಿ ಒಂದು ಪುಟದ ಪ್ರೂಫ್ (ಪರೀಕ್ಷೆಯ ಅಚ್ಚು) ತೆಗೆಸಿ ಲೇಖಕರಿಗೂ ತೋರಿಸಿ.

ಇನ್ನೊಬ್ಬರು: ಚಿತ್ರದ ಹಕ್ಕು ಯಾರಿಗೆ ಮೇಡಂ?

ಉತ್ತರ: ಒಪ್ಪಂದದಲ್ಲಿ ಬರೆದ ಹಾಗೆ. ಈ ಪುಸ್ತಕಕ್ಕೆ ಮಾತ್ರ ಬಳಸುವುದಕ್ಕೆ ಒಂದು ರೇಟು. ಬ್ಯಾಗು, ಕ್ಯಾಲೆಂಡರ್, ಕಾರ್ಟೂನ್ ಎಲ್ಲಕ್ಕೂ ಸೇರಿಸಿ ಪೂರ್ತಿ ಹಕ್ಕು ಬೇಕೆಂದರೆ ಅದಕ್ಕೆ ಬೇರೆ, ಜಾಸ್ತಿ ರೇಟು. ಮುಖಪುಟದಲ್ಲಿ ನಿಮ್ಮ ಹೆಸರು ಬರಬೇಕು ಅನ್ನುವುದನ್ನೂ ಅಲ್ಲೇ ಬರೆಸಿ.